ಊರ ಹೆಸರು ಹೇಳಬಾರದು

ಬೆಳಗಾವಿಯಲ್ಲಿ ಪ್ರತಿವರ್ಷ ಹೈಸ್ಕೂಲು ಮಕ್ಕಳಿಗಾಗಿ ನಡೆಯುವ ಒಂದು ಇಂಗ್ಲಿಷ್ ಸ್ಪರ್ಧೆಯ ನಿಯಮಗಳನ್ನು ಬರೆದವಳು ನಾನು. ಬೆಳಿಗ್ಗೆ ಭಾಷಣ, ಮಧ್ಯಾಹ್ನ ಅಭಿಪ್ರಾಯ ಬರಹ. ನಡೆಸುವುದು ಒಂದು ಸಣ್ಣ ಸಂಘ. ಸದಸ್ಯರಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು ನಾನೊಬ್ಬಳೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಒಂದು ಭಾನುವಾರ ವಡಗಾವಿಯ ನಮ್ಮ ಮನೆಯಲ್ಲಿ, ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತ ಕುಳಿತು ಎರಡು ಪುಟ ಬರೆದು ಮುಗಿಸಿದೆ. ಭಾಷಣ ಐದೇ ನಿಮಿಷ. ಚೀಟಿ ನೋಡಿ ಓದುವಂತಿಲ್ಲ. ಮಾತು ವಿದ್ಯಾರ್ಥಿಯದೇ ಆಗಿರಬೇಕು, ಶಿಕ್ಷಕರು ಬರೆದುಕೊಟ್ಟದ್ದಾಗಬಾರದು. ಬರಹ ಐನೂರು ಪದ ಮೀರಬಾರದು. ಹೀಗೆ ಎಲ್ಲ ಸ್ಪರ್ಧೆಗಳಲ್ಲಿ ಇರುವಂಥವೇ, ನಾಲ್ಕನೆಯದೊಂದನ್ನು ಬಿಟ್ಟು.

ನಾಲ್ಕನೆಯ ನಿಯಮ ನನ್ನ ಸ್ವಂತದ್ದು. ಸ್ಪರ್ಧಿ ತನ್ನ ಹೆಸರನ್ನಾಗಲಿ ಶಾಲೆ, ಊರುಗಳ ಹೆಸರನ್ನಾಗಲಿ ಹೇಳಕೂಡದು, ಬರೆಯಕೂಡದು. ಸಮವಸ್ತ್ರ ಹಾಕಿಕೊಂಡು ಬರುವಂತಿಲ್ಲ. ಎದೆಯ ಮೇಲಿನ ಚೀಟಿಯ ಸಂಖ್ಯೆಯೊಂದೇ ಗುರುತು. ಮೀರಿದರೆ ಅಂಕ ಇಲ್ಲ.

ಅದಕ್ಕೆ ಕಾರಣವಿತ್ತು. ನಾನು ಪದವಿ ಓದುವಾಗ ಇಂಥದ್ದೇ ಒಂದು ಸ್ಪರ್ಧೆಯಲ್ಲಿ ಮಾತಾಡಿದ್ದೆ. ವೇದಿಕೆ ಹತ್ತಿದ ಕೂಡಲೇ, ವಡಗಾವಿಯವಳು, ನೇಕಾರರ ಮಗಳು ಎಂದು ಹೆಮ್ಮೆಯಿಂದಲೇ ಹೇಳಿಕೊಂಡೆ. ಸಮಾಧಾನಕರ ಬಹುಮಾನ ಬಂತು. ಪ್ರಮಾಣಪತ್ರ ತರಲು ಆಫೀಸಿಗೆ ಹೋದಾಗ ಗುಮಾಸ್ತರ ಮೇಜಿನ ಮೇಲೆ ಅಂಕಗಳ ಹಾಳೆ ಬಿದ್ದಿತ್ತು. ನನ್ನ ಹೆಸರಿನ ಮುಂದೆ ಒಬ್ಬ ತೀರ್ಪುಗಾರರು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು: ಅಂಥ ಮನೆತನದಿಂದ ಬಂದವಳಿಗೆ ಇಷ್ಟು ಬಂದದ್ದೇ ಹೆಚ್ಚು. ಮನೆಯಲ್ಲಿ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಅಪ್ಪ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿದರು. ಬಹಳ ವರ್ಷಗಳ ನಂತರ ನಿಯಮ ಬರೆಯುವ ಅವಕಾಶ ಸಿಕ್ಕಾಗ, ಹಳ್ಳಿಯಿಂದ, ಸಣ್ಣ ಶಾಲೆಯಿಂದ ಬರುವ ಮಕ್ಕಳಿಗೆ ಇದು ಕೊಡೆಯಂತೆ ಆದೀತು ಎಂದುಕೊಂಡು ನಾಲ್ಕನೆಯ ನಿಯಮವನ್ನು ಸೇರಿಸಿದೆ. ಎರಡು ವರ್ಷ ಯಾರೂ ಅದರ ಬಗ್ಗೆ ತಕರಾರು ಮಾಡಲಿಲ್ಲ.

ಮೂರನೆಯ ವರ್ಷ ಬೆಳಿಗ್ಗೆಯೇ ತಕರಾರು ಶುರುವಾಯಿತು. ನಗರದ ದೊಡ್ಡ ಶಾಲೆಯೊಂದರ ಹುಡುಗ ಬಹಳ ಚೆನ್ನಾಗಿ ಮಾತಾಡಿದ. ಕೊನೆಯಲ್ಲಿ, ಬಾಯಿಗೆ ಬಿದ್ದ ಅಭ್ಯಾಸ ಇರಬೇಕು, ಶಾಲೆಯ ಹೆಸರು ಹೇಳಿ ಅದಕ್ಕೆ ವಂದನೆ ಸಲ್ಲಿಸಿಬಿಟ್ಟ. ಮೇಲ್ವಿಚಾರಣೆ ನನ್ನದು. ಅಂಕ ಇಲ್ಲ ಎಂದೆ. ಹಿಂದಿನ ಸಾಲಿನಲ್ಲಿದ್ದ ಅವನ ತಾಯಿ ಎದ್ದು ಬಂದರು.

“ಐದ ನಿಮಿಷ ಎಷ್ಟ ಛಂದ ಮಾತಾಡ್ಯಾನ್ರಿ ಮೇಡಂ! ಕಡೀಕ ಒಂದು ಥ್ಯಾಂಕ್ಸ್ ಹೇಳಿದ್ದಕ್ಕ ಪೂರಾ ತಗದು ಒಗಿತೀರೇನು?”

“ನಿಯಮ ಎಲ್ಲಾರಿಗೂ ಒಂದೇ ರೀ. ಸಾಲಿಗೆ ಮೊದಲ ಬರದು ಕಳಿಸಿದ್ವಿ.”

“ನಿಯಮ ಯಾರಿಗೆ ಬೇಕ್ರಿ? ಹುಡುಗ್ರು ಮಾತಾಡೂದು ಕಲೀಲಿ ಅಂತ ಮಾಡ್ತೀರೋ, ಬಾಯಿ ಮುಚ್ಚಿಸಾಕ ಮಾಡ್ತೀರೋ?”

ಹುಡುಗ ತಾಯಿಯ ತೋಳು ಹಿಡಿದು ಎಳೆಯುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ನಾನು ಹಾಳೆಯನ್ನು ತೆಗೆದು ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆ ಮನೆಗೆ ಹೋಗಲಿಲ್ಲ. ಹಿಂದೆ ಹೋಗಿ, ಕೈಕಟ್ಟಿಕೊಂಡು ಕೂತು, ಮುಂದಿನ ಪ್ರತಿಯೊಬ್ಬರ ಮಾತನ್ನೂ ಕಿವಿಗೊಟ್ಟು ಕೇಳತೊಡಗಿದರು.

ಒಂದು ತಾಸಿನ ನಂತರ ಹದಿನೇಳನೆಯ ಸಂಖ್ಯೆಯ ಹುಡುಗಿ ಬಂದಳು. ಹಬ್ಬಕ್ಕೆ ಹೊಲಿಸಿದಂತಿದ್ದ ಚೂಡಿದಾರ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಕೊಟ್ಟ ವಿಷಯಗಳಲ್ಲಿ ಅವಳು ಆರಿಸಿಕೊಂಡದ್ದು, ಕಾಡಿನ ಮೇಲೆ ಮೊದಲ ಹಕ್ಕು ಯಾರದು, ಪ್ರಾಣಿಗಳದೋ ಮನುಷ್ಯರದೋ ಎಂಬುದು. ಅದೇ ವಿಷಯದ ಮೇಲೆ ಅವಳಿಗಿಂತ ಮೊದಲು ನಾಲ್ವರು ಮಾತಾಡಿದ್ದರು. ನಾಲ್ವರೂ ಭೂಮಿಯ ಬಿಸಿ, ಆಮ್ಲಜನಕ, ಮುಂದಿನ ಪೀಳಿಗೆ ಎಂದೆಲ್ಲ ಹೇಳಿ, ಎರಡೂ ಬೇಕು ಎಂದು ಮುಗಿಸಿದ್ದರು.

ಇವಳ ಇಂಗ್ಲಿಷಿನಲ್ಲಿ ಮರಾಠಿಯ ಎಳೆತವಿತ್ತು. ಕ್ರಿಯಾಪದಗಳು ಅಲ್ಲಲ್ಲಿ ಜಾರಿದವು. ಆದರೆ ಅವಳು ತಡವರಿಸಲಿಲ್ಲ. ಕಾಡು ಕಾಡು ಎಂದು ಎಲ್ಲರೂ ಒಂದೇ ಕಾಡು ಇದ್ದ ಹಾಗೆ ಮಾತಾಡುತ್ತಾರೆ, ನಾನು ನನಗೆ ಗೊತ್ತಿರುವ ಕಾಡಿನ ಬಗ್ಗೆ ಹೇಳುತ್ತೇನೆ ಎಂದು ಆರಂಭಿಸಿ, ಕಣಕುಂಬಿಯಿಂದ ಕಾಡಿನೊಳಗೆ ನಡೆದು ಹೋಗಬೇಕಾದ ತಮ್ಮ ಪುಟ್ಟ ಊರಿನ, ಅವರು ವಾಡಾ ಎನ್ನುವುದರ, ಹೆಸರು ಹೇಳಿದಳು. ಹತ್ತು ಹನ್ನೆರಡು ಮನೆ, ಎಲ್ಲರದೂ ಎಮ್ಮೆ ಸಾಕಾಣಿಕೆ. ಅವರ ಎಮ್ಮೆಕರುವನ್ನು ಹುಲಿ ಹಿಡಿದ ದಿನ ಅಮ್ಮ ಅತ್ತಳಂತೆ. ಅಜ್ಜ ಮಾತ್ರ, ಅಳಬೇಡ, ಅದಕ್ಕೇನು ರೇಷನ್ ಕಾರ್ಡ್ ಇದೆಯೇ, ಎಲ್ಲಿಗೆ ಹೋಗಿ ತಿನ್ನಬೇಕು ಅಂದನಂತೆ. ಸಭೆ ನಕ್ಕಿತು. ಅವಳು ನಗಲಿಲ್ಲ. ಹುಲಿಯ ಜೊತೆ ನಮ್ಮ ಜಗಳ ಅಜ್ಜನ ಕಾಲದ್ದು, ಅದನ್ನು ನಾವೇ ಮುಗಿಸಿಕೊಳ್ಳುತ್ತೇವೆ. ನಮ್ಮನ್ನು ಕಾಡಿನಿಂದ ಎಬ್ಬಿಸಬೇಕು ಎನ್ನುವವರು ಮೊದಲು ನಮ್ಮಲ್ಲಿಗೆ ಬಂದು ಒಂದು ದಿನ ಕೂತು ಹೋಗಲಿ ಎಂದಳು. ನಾಲ್ಕೂವರೆ ನಿಮಿಷಕ್ಕೆ ಮುಗಿಸಿ ಇಳಿದು ಹೋದಳು.

ಊರ ಹೆಸರು ಬಂದ ಕ್ಷಣ ಹಿಂದಿನ ಸಾಲಿನ ತಾಯಿ ನನ್ನನ್ನು ನೋಡಿದ್ದರು. ನಾನೂ ಅವರನ್ನು ನೋಡಿದ್ದೆ.

ತೀರ್ಪುಗಾರರು ಇಬ್ಬರು: ಒಬ್ಬರು ನಿವೃತ್ತ ಪ್ರಿನ್ಸಿಪಾಲರು, ಇನ್ನೊಬ್ಬರು ವಕೀಲರು. ಇಬ್ಬರ ಹಾಳೆಯಲ್ಲೂ ಹದಿನೇಳರ ಮುಂದೆ ಅತಿ ಹೆಚ್ಚಿನ ಅಂಕ ಬಿದ್ದಿತ್ತು.

“ಊರ ಹೆಸರು ನನಗಂತೂ ಕೇಳಿಸಿಲ್ಲ ಬಿಡ್ರಿ. ವಯಸ್ಸಾಗೇತಿ,” ಎಂದರು ಪ್ರಿನ್ಸಿಪಾಲರು.

ವಕೀಲರು ತಲೆ ಎತ್ತದೆ ಹೇಳಿದರು. “ಮುಂಜಾನಿ ಆ ಹುಡುಗನ ಸಾಲಿ ಹೆಸರು ಕೇಳಿಸಿತ್ತಲ್ರಿ ಸರ್, ನಿಮಗ.”

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಎರಡೂ ಹಾಳೆ ತೆಗೆದುಕೊಂಡು ಹದಿನೇಳರ ಮೇಲೆ ಅಡ್ಡಗೆರೆ ಎಳೆದೆ. ಆಗ ನನಗೆ ಬಹಳ ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಗ ಇದ್ದದ್ದು ಒಂದು ಬಗೆಯ ಬಿಗಿ, ಲೆಕ್ಕ ತಪ್ಪದಂತೆ ಕೂಡಿಸುವಾಗ ಇರುತ್ತದಲ್ಲ, ಅಂಥದ್ದು.

ಊಟದ ಬಿಡುವಿನಲ್ಲಿ ನಾನೇ ಹೋಗಿ ತಿಳಿಸಿದೆ. ಹುಡುಗಿ ಕಟ್ಟೆಯ ಮೇಲೆ ಕೂತು ಪಲಾವ್ ತಿನ್ನುತ್ತಿದ್ದಳು. ಜೊತೆಯಲ್ಲಿ ಅವಳ ಶಾಲೆಯ ಅತಿಥಿ ಶಿಕ್ಷಕಿ, ಇಪ್ಪತ್ತೈದರ ಆಸುಪಾಸಿನವರು. ಕಣಕುಂಬಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದರೆ ಹೊತ್ತಿಗೆ ಮುಟ್ಟುವುದಿಲ್ಲವೆಂದು ಅವರು ಹಿಂದಿನ ದಿನವೇ ಹುಡುಗಿಯನ್ನು ಖಾನಾಪುರದ ತಮ್ಮ ಬಾಡಿಗೆ ಖೋಲಿಗೆ ಕರೆತಂದು ಇಟ್ಟುಕೊಂಡಿದ್ದರು. ವಿಷಯ ಕೇಳಿ ಶಿಕ್ಷಕಿಯ ಮುಖ ಇಳಿಯಿತು.

“ತಪ್ಪು ನಂದು ರೀ ಮೇಡಂ. ಇನ್ನೊಮ್ಮೆ ನೆನಪು ಮಾಡಿ ಕೊಡಬೇಕಿತ್ತು.”

“ಇಲ್ರಿ ಟೀಚರ್,” ಎಂದಳು ಹುಡುಗಿ. ತಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತಳು. “ನಾ ಓದೇನ್ರಿ. ನಾಕನೇದು. ಗೊತ್ತಿತ್ರಿ.”

“ಗೊತ್ತಿದ್ದೂ ಹೇಳಿದಿ?” ಎಂದೆ.

“ಹೆಸರು ಬಿಟ್ಟು ಮನ್ಯಾಗ ಮರಾಠಿಯೊಳಗ ಹೇಳಿ ನೋಡಿದ್ದೆ ರೀ. ನಮ್ಮ ಅಜ್ಜಾ ಕೇಳಿ, ಇದು ಯಾವ ಊರಿನ ಸುದ್ದಿ ಅಂದ. ಖರೇ ಅನಿಸ್ತು. ನಾ ಎಲ್ಲಾ ಕಾಡಿನ ಬಗ್ಗೆ ಹೇಳಾಕ ಬಂದಿಲ್ರಿ, ನಮ್ಮ ವಾಡಾದ ಬಗ್ಗೆ ಹೇಳಾಕ ಬಂದೇನಿ.”

“ಅಂಕ ಹೋಗ್ತಾವ ಅಂತ ಗೊತ್ತಿತ್ತು?”

“ಹೂಂ ರೀ.” ತಟ್ಟೆ ಎತ್ತಿಕೊಂಡು ಕೇಳಿದಳು. “ಮಧ್ಯಾಹ್ನ ಬರಿಯಾಕ ಕುಂದರಬಹುದಿಲ್ರಿ?”

ಕುಳಿತುಕೊಳ್ಳಬಹುದಿತ್ತು. ಕುಳಿತಳು. ವಿಷಯ ಅಲ್ಲೇ ಕೊಟ್ಟದ್ದು: ಶಾಲೆಗೆ ಮೊಬೈಲ್ ತರಲು ಬಿಡಬೇಕೇ. ಹಾಳೆಗಳ ಮೇಲಿನ ಸಂಖ್ಯೆಗೆ ಕಾಗದ ಅಂಟಿಸಿ ಮುಚ್ಚಿದ್ದರಿಂದ ಅವಳ ಬರಹ ಯಾವುದೆಂದು ಓದುವಾಗ ನನಗೆ ಗೊತ್ತಿರಲಿಲ್ಲ. ಸಂಖ್ಯೆ ತೆರೆದ ಮೇಲೆ ಹುಡುಕಿ ಇನ್ನೊಮ್ಮೆ ಓದಿದೆ. ಹೆಸರಿಲ್ಲ, ಶಾಲೆ ಇಲ್ಲ, ಊರಿಲ್ಲ. ಮೊಬೈಲಿನಿಂದ ಲಾಭಗಳು, ಮೊಬೈಲಿನಿಂದ ನಷ್ಟಗಳು, ಮಿತವಾಗಿ ಬಳಸಬೇಕು. ನಿಯಮಗಳನ್ನೆಲ್ಲ ಪಾಲಿಸಿದ್ದಳು, ಬರಹ ಯಾರು ಬೇಕಾದರೂ ಬರೆಯುವಂಥದ್ದಾಗಿತ್ತು. ಬಹುಮಾನ ಬರಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಅವರಿಬ್ಬರೂ ಬಹುಮಾನ ಹಂಚುವ ಮೊದಲೇ ಹೊರಟು ಹೋದರು.

ಮುಂದಿನ ವರ್ಷ ಸ್ಪರ್ಧೆಗೆ ಮೊದಲು ಖಾನಾಪುರದಲ್ಲಿ ಆ ತಾಲೂಕಿನ ಶಿಕ್ಷಕರ ಸಭೆ ಕರೆದೆವು, ನಿಯಮಗಳನ್ನು ವಿವರಿಸಲಿಕ್ಕೆ. ಅತಿಥಿ ಶಿಕ್ಷಕಿ ಬಂದಿದ್ದರು. ಹುಡುಗಿಯನ್ನೂ ಕರೆತಂದಿದ್ದರು, ಈಗ ಅವಳು ಖಾನಾಪುರದಲ್ಲೇ ಪಿಯುಸಿ. ಆ ಭಾಷಣವನ್ನು ಅವಳು ಗ್ರಾಮಸಭೆಯಲ್ಲಿ ಮರಾಠಿಯಲ್ಲಿ ಹೇಳಿದ ಸುದ್ದಿಯನ್ನು ಶಿಕ್ಷಕಿ ಹೇಳಿದರು. ಅರಣ್ಯ ಇಲಾಖೆಯಿಂದ ಬಂದಿದ್ದ ಸಾಹೇಬರು ಪೂರ್ತಿ ಕೇಳಿದರಂತೆ. ಒಂದು ದಿನ ವಾಡಾಕ್ಕೆ ಬರುತ್ತೇನೆ ಎಂದರಂತೆ.

“ಬಂದ್ರೇನು?” ಎಂದೆ.

“ಇನ್ನೂ ಇಲ್ರಿ,” ಎಂದಳು ಹುಡುಗಿ.

ಚಹಾ ಕುಡಿಯುವಾಗ, ಯಾಕೆಂದು ಗೊತ್ತಿಲ್ಲ, ಅವಳಿಗೆ ನಾನು ಪದವಿ ಓದುವಾಗ ಕಂಡ ಆ ಅಂಕಗಳ ಹಾಳೆಯ ಕಥೆಯನ್ನು ಹೇಳಿದೆ. ಅದುವರೆಗೆ ಯಾರಿಗೂ ಹೇಳದಿದ್ದದ್ದು. ಅದಕ್ಕೇ ನಾಲ್ಕನೆಯ ನಿಯಮ ಮಾಡಿದೆ ಎಂದೂ ಹೇಳಿದೆ. ಸಮರ್ಥನೆಯೇ ಇದ್ದೀತು. ಅವಳು ಬಟ್ಟಲು ಕೆಳಗಿಟ್ಟಳು.

“ಮೇಡಂ, ಅದನ್ನ ಬರದವರು ಅವರು. ನಿಯಮ ಅವರಿಗೆ ಹಾಕಬೇಕಿತ್ತಲ್ರಿ. ನಮಗ್ಯಾಕ ಹಾಕಿದ್ರಿ?”

ಶಿಕ್ಷಕಿ ಗಾಬರಿಯಿಂದ, “ಏ, ದೊಡ್ಡವರ ಜೋಡಿ ಹಂಗ ಮಾತಾಡ್ತಾರೇನು?” ಎಂದು ಗದರಿದರು. ನಾನು, ಇರಲಿ ಬಿಡ್ರಿ ಎಂದೆ.  ಖಾನಾಪುರದಿಂದ ಬರುವ ದಾರಿಯಲ್ಲಿ ನಿಯಮಗಳ ಹಾಳೆ ತೆಗೆದು ನಾಲ್ಕನೆಯದನ್ನು ಮತ್ತೆ ಮತ್ತೆ ಓದಿದೆ.

ಸಂಘದ ಸಭೆಯಲ್ಲಿ ನಾಲ್ಕನೆಯ ನಿಯಮ ತೆಗೆಯಬೇಕೆಂದು ನಾನೇ ಹೇಳಿದೆ. ಅದನ್ನು ಹಾಕಿಸುವಾಗ ವಾದಿಸಿದ್ದಕ್ಕಿಂತ ಹೆಚ್ಚು ಈಗ ವಾದಿಸಬೇಕಾಯಿತು. ಕೊನೆಗೆ ಒಪ್ಪಿದರು. ಅದರ ಜಾಗದಲ್ಲಿ ತೀರ್ಪುಗಾರರಿಗೆ ಒಂದು ಸಾಲು ಬಂತು: ಸ್ಪರ್ಧಿಯ ಊರು, ಮನೆತನ, ಶಾಲೆಗಳ ಬಗ್ಗೆ ಏನನ್ನೂ ಕೇಳಬಾರದು, ಏನನ್ನೂ ಬರೆಯಬಾರದು, ಅದಕ್ಕೆ ಮೊದಲೇ ಸಹಿ ಹಾಕಬೇಕು. ಪ್ರಿನ್ಸಿಪಾಲರು ನಗುತ್ತ ಸಹಿ ಹಾಕಿದರು. ಹೊಸದಾಗಿ ಕರೆದಿದ್ದ ಒಬ್ಬರು, ನಮ್ಮ ಮೇಲೆ ನಂಬಿಗಿ ಇಲ್ಲಂದ್ರ ಕರಿಯೂದ್ಯಾಕ, ಎಂದು ಮುನಿಸಿಕೊಂಡು ಹೊರಟರು. ವಕೀಲರು ಹಾಳೆಯನ್ನು ಎರಡು ಸಲ ಓದಿ, ಒಂದು ಅಲ್ಪವಿರಾಮ ಸೇರಿಸಿ, ಸಹಿ ಮಾಡಿದರು.

ಆ ವರ್ಷ ಅರ್ಧದಷ್ಟು ಮಕ್ಕಳು ಊರು ಹೇಳಿದರು, ಉಳಿದವರು ಹೇಳಲಿಲ್ಲ. ಆಟೋ ನಗರದಿಂದ ಬಂದ ಒಬ್ಬ, ಹೆಲ್ಮೆಟ್ ಕಡ್ಡಾಯದ ಬಗ್ಗೆ ಮಾತಾಡುತ್ತ, ಅಪ್ಪನ ಗ್ಯಾರೇಜಿಗೆ ಯಾವ ಯಾವ ಗಾಡಿ ಯಾವ ಯಾವ ಸ್ಥಿತಿಯಲ್ಲಿ ಬರುತ್ತವೆ ಎಂದು ವಿವರಿಸಿ, ಗ್ಯಾರೇಜಿನ ವಿಳಾಸವನ್ನೂ ಹೇಳಿಬಿಟ್ಟ. ಸಭೆಯಲ್ಲಿ ದೊಡ್ಡ ನಗು. ಅಷ್ಟರಲ್ಲಿ ಐದು ನಿಮಿಷ ಮೀರಿತ್ತು. ಸಮಯದ ನಿಯಮ ಹಾಗೇ ಇತ್ತಾದ್ದರಿಂದ ಅವನ ಎರಡು ಅಂಕ ಕಳೆದೆವು; ಆದರೂ ಅವನಿಗೆ ಎರಡನೆಯ ಸ್ಥಾನ ಬಂತು.