ಅವ್ವನನ್ನು ಅಲುಗಿಸದ ಗಾಲಿಗಳು

ಕಲಬುರಗಿಯ ಟೈರ್ ಅಂಗಡಿಯೊಂದರಲ್ಲಿ ಕೂತಿದ್ದೇನೆ. ಮಗಳ ಕಾರಿನ ಗಾಲಿ ತೂಕ ನೋಡುವ ಯಂತ್ರದ ಮೇಲೆ ಗಿರ್ರೆಂದು ತಿರುಗುತ್ತಿದೆ. ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೇಡಂನ ಮಕ್ಬೂಲ್ ಮಿಸ್ತ್ರಿಯ ವರ್ಕ್‌ಶಾಪಿನಲ್ಲಿದ್ದೆ, ಅದೂ ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ. ವಾಸನೆಗೆ ಬಸ್ ಟಿಕೆಟ್ ಬೇಕಿಲ್ಲ ನೋಡಿ.

ಆಗ ನಾನು ಅಲ್ಲೇ ಶಾಲಾ ಮಾಸ್ತರ. ಅವ್ವನ ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದರ ಪೊರೆಯನ್ನು ಕಲಬುರಗಿಯ ದವಾಖಾನೆಯಲ್ಲಿ ತೆಗೆದಿದ್ದರು. ಹೊಲಿಗೆ ಇನ್ನೂ ಹಸಿ. ತಲೆ ಕುಲುಕಿದರೆ ಆ ಕಣ್ಣೂ ಹೋದೀತು, ಬಸ್ಸಿನಲ್ಲಿ ಊರಿಗೆ ಒಯ್ಯಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ನೆರೆಮನೆಯ ಬಸಣ್ಣ ತನ್ನ ಅಂಬಾಸಿಡರ್ ಕೊಡಲು ಒಪ್ಪಿದ. ಆದರೆ ಆ ಕಾರು ವೇಗ ಏರಿದ ಕೂಡಲೇ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಅದಕ್ಕೇ ಇಬ್ಬರೂ ಅದನ್ನು ಮಿಸ್ತ್ರಿಯ ಹತ್ತಿರ ಒಯ್ದೆವು.

"ಫಿಕರ್ ಮಾಡಬ್ಯಾಡ್ರಿ ಮಾಸ್ತರ್. ನಾ ಗಾಲಿ ತೂಕ ಸಮ ಮಾಡಿದ ಗಾಡಿದಾಗ ಚಹಾದ ಬಶಿ ಹಿಡಕೊಂಡು ಕುಂದ್ರಿ, ಹನಿ ಚೆಲ್ಲಂಗಿಲ್ಲ," ಎಂದ ಮಿಸ್ತ್ರಿ. ಆತನಿಗೆ ಕೈಯಷ್ಟೇ ಬಾಯಿಯೂ ಚುರುಕು. ಜ್ಯಾಕ್ ಕೊಟ್ಟು ಗಾಲಿ ಎತ್ತಿ, ಮೆಲ್ಲಗೆ ತಿರುಗಿಸಿ ಬಿಡುತ್ತಿದ್ದ. ಭಾರದ ಭಾಗ ಕೆಳಗೆ ಬಂದು ನಿಲ್ಲುತ್ತಿತ್ತು. ಅದರ ಎದುರು ಬದಿಗೆ ಸೀಸದ ತುಂಡು ಬಡಿಯುತ್ತಿದ್ದ. ಕೊನೆಗೆ ಗಾಲಿ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.

ಪರೀಕ್ಷೆಗೆಂದು ಮಿಸ್ತ್ರಿ, ಬಸಣ್ಣ, ನಾನು ಮೂವರೂ ಆಡಕಿಯ ಕಡೆ ಹೊರಟೆವು. ಕಾರು ಬೆಣ್ಣೆಯಂತೆ ಓಡಿತು. ಮಿಸ್ತ್ರಿ ಹಾಡು ಗುನುಗಿದ. ದಾರಿಯಲ್ಲಿ ಹಳ್ಳದ ನೀರು ದಾಟಿ, ಒಂದು ಗುಂಡಿಗೆ ದಡಕ್ಕನೆ ಬಿದ್ದು ಎದ್ದೆವು. ಅಲ್ಲಿಂದ ಮುಂದೆ ಮೊದಲಿಗಿಂತ ಜೋರಾದ ನಡುಕ!

ಮಿಸ್ತ್ರಿ ಇಳಿದು ರಿಮ್ಮಿನ ಒಳಮೈಗೆ ಕೈ ಹಾಕಿ, ಬೂದುಬಣ್ಣದ ಹೆಂಟೆಯೊಂದನ್ನು ಕಿತ್ತು ತೆಗೆದ. "ತೌಬಾ! ಸಿಮೆಂಟ್ ಕುಂತಾದ್ರೀ. ಇದನ್ನೂ ಗಾಲಿ ಅಂತ ತಿಳದು ಇದಕ್ಕ ಸಮ ಸೀಸ ಬಡದೀನಿ. ಅರ್ಧ ಉದುರ್ಯಾದ, ಸೀಸ ಹಂಗೇ ಉಳದಾದ."

ಹತ್ತಿರದ ಸಿಮೆಂಟ್ ಕಾರ್ಖಾನೆಯ ಧೂಳು ಮಳೆಯಲ್ಲಿ ನೆಂದು ಗಾಲಿಯೊಳಗೆ ಕಲ್ಲಾಗಿತ್ತು. ನಮ್ಮ ಊರಲ್ಲಿ ಆ ಧೂಳು ಬೇವಿನ ಎಲೆಯ ಮೇಲೆ, ಒಣಹಾಕಿದ ಧೋತರದ ಮೇಲೆ ಇದ್ದೇ ಇರುತ್ತಿತ್ತು. ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆದರೆ ಹಿಂದಿನ ಸೀಟಿನಲ್ಲಿ ಅವ್ವ ಇದ್ದಿದ್ದರೆ?

ಸೇಡಂಗೆ ಮರಳಿ ನಾಲ್ಕೂ ಗಾಲಿ ಬಿಚ್ಚಿದೆವು. ನಾನೂ ಧೋತರ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು ಕೆರೆದೆ. ಕೆರೆದೆ ಅನ್ನುವುದಕ್ಕಿಂತ ಬೆರಳು ತರಚಿಕೊಂಡೆ ಅನ್ನಿ. ಎಲ್ಲ ಶುದ್ಧವಾದ ಮೇಲೆ ಮಿಸ್ತ್ರಿ ಹಾಡು ಗೀಡು ಬಿಟ್ಟು, ತುಟಿ ಬಿಗಿಹಿಡಿದು ಮೊದಲಿಂದ ತೂಕ ಮಾಡಿದ.

ಮರುದಿನ ಅವ್ವನನ್ನು ಕರೆತಂದೆವು. ಕಣ್ಣಿಗೆ ಪಟ್ಟಿ, ತಲೆ ನನ್ನ ತೊಡೆಯ ಮೇಲೆ. ಅರ್ಧ ದಾರಿಯಲ್ಲಿ ಅವ್ವ ಕೇಳಿದಳು, "ಯಾಕೋ ಯಪ್ಪಾ, ಗಾಡಿ ಇನ್ನಾ ಬಿಟ್ಟಿಲ್ಲೇನು?"

ಬಸಣ್ಣ ಮುಂದೆ ಕೂತು ನಕ್ಕ. ನನಗೆ ಅಳು ಬಂತು.

ಪಟ್ಟಿ ಬಿಚ್ಚಿದ ದಿನ ಅವ್ವ ನನ್ನ ಮುಖವನ್ನೇ ದಿಟ್ಟಿಸಿ, "ನಿನ್ನ ಮೀಸಿ ಒಂದ್ ಕಡಿ ಗಿಡ್ಡ ಆಗ್ಯಾದಲ್ಲೋ," ಎಂದಳು. ಅಷ್ಟು ಸಂತೋಷದ ಬೈಗುಳವನ್ನು ನಾನು ಮತ್ತೆ ತಿನ್ನಲಿಲ್ಲ.

"ಆಯ್ತು ಬರ್ರಿ ಅಪ್ಪಾ," ಎಂದು ಮಗಳು ಕರೆದಳು. ಅವಳ ಮುಖ ನನಗೆ ಮಂಜಿನಲ್ಲಿದ್ದಂತೆ ಕಾಣುತ್ತಿತ್ತು. ನನಗೂ ಪೊರೆ ಬಂದು ವರ್ಷವಾಯಿತು; ಅಂಜಿಕೊಂಡು ನಾಳೆ ನಾಳೆ ಎನ್ನುತ್ತಿದ್ದೆ.

"ಮನಿ ಕಡಿ ಬ್ಯಾಡವ್ವಾ," ಎಂದೆ. "ಕಣ್ಣಿನ ದವಾಖಾನಿಗಿ ಹೊಡಿ."