ಉಪ್ಪು ನೋಡಲು ಕರೆಯುತ್ತಿದ್ದ ಮನೆ

ಪುದೀನ, ಕೊತ್ತಂಬರಿ, ಹುರಿದ ಹೆಸರುಬೇಳೆ, ಅದರ ಮೇಲೆ ತುಪ್ಪದಲ್ಲಿ ಕೆಂಪಗೆ ಕರಿದ ಈರುಳ್ಳಿ. ರಂಜಾನಿನ ಗಂಜಿಯ ಈ ವಾಸನೆ ಇಷ್ಟೂ ಒಟ್ಟಿಗೆ ಮೂಗಿಗೆ ಬಂದರೆ ನನ್ನ ನಾಲಿಗೆ ತಾನಾಗಿ ಹೊರಗೆ ಬರುತ್ತದೆ. ವಯಸ್ಸಾದವಳು ಬೀದಿಯಲ್ಲಿ ನಾಲಿಗೆ ಚಾಚಿಕೊಂಡು ನಿಂತರೆ ಜನ ಏನಂದುಕೊಳ್ಳುತ್ತಾರೆ ಎಂದು ಸೆರಗು ಅಡ್ಡ ಹಿಡಿಯುತ್ತೇನೆ. ಈ ಸಲದ ರಂಜಾನಿನಲ್ಲಿ ತಿಲಕನಗರದ ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಯಾರದೋ ಮನೆಯ ಕಿಟಕಿಯಿಂದ ಆ ವಾಸನೆ ಬಂತು, ಬಸ್ಸು ಹೊರಟುಹೋಯಿತು, ನಾನು ಹತ್ತಲಿಲ್ಲ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ವಾಸನೆ ಉಳಿದಿರುತ್ತದೆ, ಅದು ಬರುತ್ತಿದ್ದ ಮನೆ ಇರುವುದಿಲ್ಲ.

ನಮ್ಮ ಮನೆ ಇದ್ದದ್ದು ಗುರಪ್ಪನಪಾಳ್ಯದಲ್ಲಿ. ಆಗ ಅದು ಬೆಂಗಳೂರಲ್ಲ, ಬೆಂಗಳೂರಿಗೆ ಸೊಪ್ಪು ಹೋಗುತ್ತಿದ್ದ ಊರು. ತಾತನ ಜಮೀನು ಲೇಔಟಿಗೆ ಹೋದ ಮೇಲೆ ಮನೆಯ ಹಿಂದೆ ಹೆಂಚಿನ ಸಾಲುಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ನಮ್ಮ ಹಿತ್ತಲಿಗೂ ಸಾಲುಮನೆಗೂ ನಡುವೆ ಮಣ್ಣಿನ ಗೋಡೆ, ನನ್ನ ಎತ್ತರಕ್ಕಿಂತ ಸ್ವಲ್ಪ ಹೆಚ್ಚು. ಅದಕ್ಕೆ ಒರಗಿಸಿಟ್ಟ ಹಳೆಯ ಒರಳುಕಲ್ಲಿನ ಮೇಲೆ ಹತ್ತಿದರೆ ಆ ಕಡೆಯ ಅಂಗಳವೆಲ್ಲ ಕಾಣುತ್ತಿತ್ತು. ಗೋಡೆಗೆ ತಾಗಿದ ಮನೆಯಲ್ಲಿ ಗಫಾರ್ ಸಾಬರು, ಅವರ ಹೆಂಡತಿ ಜುಲೇಖಾಬಿ, ಮಗಳು ಶಮೀಮ್ ಇದ್ದರು. ಸಾಬರು ಲಾರಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಡಗಿ. ಅವರು ಬಂದರೆಂದರೆ ಮರದ ಹೊಟ್ಟಿನ ವಾಸನೆ ಮುಂದೆ, ಬೀಡಿಯ ವಾಸನೆ ಹಿಂದೆ. ನನ್ನನ್ನು ಸಾಕಿದ್ದು ಅಜ್ಜಿ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹಿತ್ತಲಿನಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದೆ. ಶಮೀಮ್ ನನಗಿಂತ ದೊಡ್ಡವಳು, ಏಳನೇ ಕ್ಲಾಸು.

ಅವರು ಬಂದ ಮೊದಲ ವರ್ಷದ ರಂಜಾನಿನಲ್ಲಿ ಒಂದು ಸಂಜೆ ಮಸೀದಿಯ ಕೂಗು ಆಗಿ ಸ್ವಲ್ಪ ಹೊತ್ತಿಗೆ ಗೋಡೆಯಾಚೆ ದೊಡ್ಡ ಸದ್ದಾಯಿತು. ಕಲ್ಲು ಹತ್ತಿ ನೋಡಿದೆ. ಉಪವಾಸ ಬಿಡುವ ಗಂಜಿಯ ತಟ್ಟೆ ಮೋರಿಯಲ್ಲಿ ಬಿದ್ದಿತ್ತು. ಬೆಳಗಿನಿಂದ ನೀರಿಲ್ಲ, ಅನ್ನವಿಲ್ಲ, ಸಾಬರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೀಡಿಯಿಲ್ಲ. ಬಾಯಿಗಿಟ್ಟ ಗಂಜಿ ಉಪ್ಪೋ ಉಪ್ಪು. “ಇನ್ನೊಂದ್ ದಿನ ಉಪ್ಪು ಕೆಡ್ಲಿ, ಚನ್ನಪಟ್ಣದ ಬಸ್ ಹತ್ತಿಸ್ತೀನಿ ನಿನ್ನ. ಹುಡುಗಿ ಇಲ್ಲೇ ಇರ್ತಾಳೆ” ಎಂದು ಸಾಬರು ಕೂಗಿದರು. ಚನ್ನಪಟ್ಟಣ ಜುಲೇಖಾಬಿಯ ತವರು. ಅಲ್ಲಿ ತಾಯಿಯೂ ಇರಲಿಲ್ಲ, ತಂದೆಯೂ ಇರಲಿಲ್ಲ, ಒಬ್ಬ ಅಣ್ಣನ ಹೆಂಡತಿ ಇದ್ದಳು, ಅಷ್ಟೆ. ಜುಲೇಖಾಬಿ ಮೋರಿಯಿಂದ ತಟ್ಟೆ ತೆಗೆದು ಬೂದಿ ಹಾಕಿ ಉಜ್ಜಿದರು. ತಲೆಯೆತ್ತಿದಾಗ ನನ್ನನ್ನು ಕಂಡರು. ಆ ನೋಟಕ್ಕೆ ನಾನು ಕಲ್ಲಿನಿಂದ ಇಳಿದುಬಿಟ್ಟೆ.

ಇದನ್ನು ಓದಿ ಸಾಬರ ಜಾತಿಯ ಮೇಲೆ ಕತ್ತಿ ಮಸೆಯಬೇಡಿ. ನಮ್ಮ ಮನೆಯಲ್ಲೂ ತಟ್ಟೆ ಹಾರುತ್ತಿತ್ತು. ತಾತ ಎಸೆಯುತ್ತಿರಲಿಲ್ಲ, ಕಾಲಲ್ಲಿ ಒದೆಯುತ್ತಿದ್ದರು. ಅದಕ್ಕೆ ಉಪವಾಸವೂ ಬೇಕಿರಲಿಲ್ಲ, ಉಪ್ಪಿನ ನೆವವೂ ಬೇಕಿರಲಿಲ್ಲ.

ಮಾರನೆಯ ದಿನ ಸಂಜೆ ಗೋಡೆಯಾಚೆಯಿಂದ ಜುಲೇಖಾಬಿ ಕರೆದರು. “ಜಯಾ, ಒಂದ್ನಿಮಿಷ ಬಾ ಮಾ. ನಾಲಿಗೆ ಚಾಚು.” ಕಲ್ಲು ಹತ್ತಿ ಚಾಚಿದೆ. ಸೌಟಿನ ತುದಿಯಿಂದ ಒಂದು ತೊಟ್ಟು ಗಂಜಿ ಬಿತ್ತು. “ಹೇಳು, ಸರಿ ಇದ್ಯಾ, ಕಮ್ಮಿನಾ?” ಆ ರಂಜಾನು ಮುಗಿಯುವವರೆಗೆ, ಆಮೇಲಿನ ವರ್ಷವೂ, ಅದು ನನ್ನ ಕೆಲಸವಾಯಿತು. ಅವರ ಮನೆಯಲ್ಲಿ ಉಪವಾಸವಿಲ್ಲದ ನಾಲಿಗೆ ಇರಲಿಲ್ಲ. ಸುತ್ತಲೂ ಉಪವಾಸವಿಲ್ಲದ ಮಕ್ಕಳಲ್ಲಿ ಹತ್ತಿರದವಳು ನಾನೇ. ಅಜ್ಜಿಗೆ ಗೊತ್ತಾದಾಗ ಗದರುತ್ತಾಳೆ ಅಂದುಕೊಂಡಿದ್ದೆ. ಅಜ್ಜಿ ಅವರ ಮನೆಯ ನೀರೂ ಮುಟ್ಟುವವಳಲ್ಲ. ಆದರೆ ಗದರಲಿಲ್ಲ, “ನುಂಗಬೇಡ. ನಾಲಿಗೆಗೆ ಹಾಕ್ಕೊಂಡು ಉಗಿ. ನಾಲಿಗೆಗೆ ಮೈಲಿಗೆ ಇಲ್ಲ, ಗಂಟ್ಲಿಗೆ ಇದೆ” ಎಂದಳು. ನಾನು ನುಂಗುತ್ತಿದ್ದೆ, ಅದನ್ನೇನು ಮುಚ್ಚಿಡುವುದು. ಅಷ್ಟು ರುಚಿಯಾದದ್ದನ್ನು ಉಗಿಯುವುದಕ್ಕೆ ನನಗೇನು ಹುಚ್ಚೇ. ಆದರೆ ಉಪ್ಪಿನ ವಿಷಯದಲ್ಲಿ ತಪ್ಪು ಹೇಳುತ್ತಿರಲಿಲ್ಲ. ಆ ಒಂದು ತೊಟ್ಟು ನಾಲಿಗೆಗೆ ಬೀಳುವಾಗ ಜುಲೇಖಾಬಿ ನನ್ನ ಮುಖ ನೋಡುತ್ತಿದ್ದ ರೀತಿ ನೋಡಿದರೆ ನೀವೂ ತಪ್ಪು ಹೇಳುತ್ತಿರಲಿಲ್ಲ. ಚನ್ನಪಟ್ಟಣದ ಬಸ್ಸು ನಮ್ಮ ಗೋಡೆಯ ಹತ್ತಿರವೇ ಬಂದು ನಿಂತಂತೆ ಇರುತ್ತಿತ್ತು.

ಒಂದು ಮಾತು ಮಾತ್ರ ನನಗೆ ಅರ್ಥವಾಗಿರಲಿಲ್ಲ. ನಾಲಿಗೆಗೆ ಹಾಕಿ ಉಗಿಯುವುದಾದರೆ ಅದನ್ನು ಅವರೇ ಮಾಡಬಹುದಿತ್ತಲ್ಲ? ಕೇಳಿದರೆ “ಬೇಡಮ್ಮ” ಅನ್ನುತ್ತಿದ್ದರು, ಅಷ್ಟೇ.

ಶುಕ್ರವಾರ ಮಧ್ಯಾಹ್ನ ಆ ಮನೆಗೆ ಉಸ್ತಾನಿ ಬರುತ್ತಿದ್ದರು. ಉಸ್ತಾನಿ ಅಂದರೆ ಹೆಂಗಸರಿಗೂ ಹುಡುಗಿಯರಿಗೂ ಧರ್ಮದ ಪಾಠ ಹೇಳುವವರು. ಕೋಲಾರದ ಕಡೆಯ ಮುದುಕಿ, ಹಲ್ಲಿಲ್ಲದ ಬಾಯಿ, ಮಾತು ಮಾತ್ರ ಖಡಕ್ಕು. ಬೀದಿಯ ಹೆಂಗಸರೆಲ್ಲ ಚಾಪೆಯ ಮೇಲೆ ಕೂರುತ್ತಿದ್ದರು, ನಾನು ಹೊಸ್ತಿಲ ಹೊರಗೆ. ಹುಡುಗಿಯರ ಬಾಯಿ ಸುಮ್ಮನಿರುತ್ತಿರಲಿಲ್ಲ. ಉಗುಳು ನುಂಗಿದರೆ ರೋಜಾ, ಅಂದರೆ ಉಪವಾಸ, ಹೋಗುತ್ತದೆಯೇ? ಹೋಗುವುದಿಲ್ಲ, ನುಂಗದೆ ಇನ್ನೇನು ಮಾಡುತ್ತೀರಿ. ಮರೆತು ಸೀಬೆಹಣ್ಣು ತಿಂದರೆ? ಹೋಗುವುದಿಲ್ಲ, ಅದು ದೇವರೇ ತಿನ್ನಿಸಿದ್ದು. ಆದರೆ ನೆನಪಾದ ಮೇಲೆ ಬಾಯಲ್ಲಿರುವುದನ್ನು ಉಗಿಯಬೇಕು. ಹೊರಗಿನಿಂದ ನಾನೂ ಒಂದು ಸಲ ಪ್ರಶ್ನೆ ಹಾಕಿದೆ. “ಮುಟ್ಟಾದೋರು ರೋಜಾ ಇಡಲ್ವಂತಲ್ಲ, ಮತ್ತೆ ಶಮೀಮಕ್ಕ ಅವತ್ತು ತಿನ್ನದೆ ಯಾಕೆ ಕೂತಿದ್ಲು?” ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಉಸ್ತಾನಿ ನಕ್ಕು, “ಅಪ್ಪನ ಎದುರು ತಿನ್ನಕ್ಕೆ ನಾಚಿಕೆ, ಅದಕ್ಕೆ. ದೇವ್ರು ತಿನ್ನು ಅಂದಿದ್ದಾನೆ, ಇವಳಿಗೆ ಅಪ್ಪ ದೊಡ್ಡೋನು” ಅಂದರು. ಶಮೀಮ್ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಈಗಿನ ಹುಡುಗರು ಇಂಥದ್ದನ್ನೆಲ್ಲ ಫೋನಿಗೆ ಕೇಳುತ್ತಾರಂತೆ. ಕೇಳಲಿ. ಫೋನು ಹಾಗೆ ನಗುವುದಿಲ್ಲ.

ಎರಡನೇ ವರ್ಷದ ರಂಜಾನಿನ ಒಂದು ಶುಕ್ರವಾರ ಶಮೀಮ್ ಕೇಳಿದಳು. “ಉಸ್ತಾನಿಮಾ, ಅಡಿಗೆ ಮಾಡೋರು ಉಪ್ಪು ನೋಡಿದ್ರೆ ರೋಜಾ ಹೋಗುತ್ತಾ? ದಿನಾ ಜಯಾನ ಕೂಗಬೇಕು, ಒಂದಿನ ಅವಳು ಇರದಿದ್ರೆ?” ಉಸ್ತಾನಿ ಅಂದರು: “ನಾಲಿಗೆ ತುದಿಗೆ ಹಾಕಿ ಉಗುದ್ರೆ ಹೋಗಲ್ಲ. ಆದ್ರೆ ಸುಮ್‌ಸುಮ್ನೆ ನೋಡಬಾರ್ದು, ಅದು ಒಳ್ಳೇದಲ್ಲ. ಗಂಡ ಸಿಡುಕ ಆಗಿದ್ರೆ, ಉಪ್ಪು ಕೆಟ್ರೆ ಹೆಂಡ್ತಿನ ಗೋಳು ಹುಯ್ಕೊಳೋನು ಆಗಿದ್ರೆ, ಅಂಥೋಳು ನೋಡಬಹುದು. ಹಂಗಂತ ಹಳೇ ಕಿತಾಬಲ್ಲೇ ಬರ್ದವ್ರೆ.” ಒಬ್ಬಳು ಕೂಡಲೇ, “ಹಂಗಾದ್ರೆ ನಾನು ಇಡೀ ದೇಗ್ಚಿ ಕುಡ್ದು ನೋಡಬಹುದು ಬಿಡಿ” ಅಂದಳು. ಚಾಪೆಯೆಲ್ಲ ನಕ್ಕಿತು. ನಕ್ಕು ಮುಗಿದ ಮೇಲೆ ಎಲ್ಲರ ಕಣ್ಣೂ ಜುಲೇಖಾಬಿಯ ಕಡೆ ತಿರುಗಿತು. ಅವರು ನಕ್ಕಿರಲಿಲ್ಲ. ಶಮೀಮಳ ಲಂಗದ ಅಂಚನ್ನು ಸರಿಮಾಡುತ್ತ, “ನಮ್ಮನೇಲಿ ಅದು ಬೇಕಾಗಿಲ್ಲ. ನಮ್ಮೋರು ಅಂಥೋರಲ್ಲ” ಎಂದರು. ತಟ್ಟೆ ಮೋರಿಗೆ ಬಿದ್ದ ಸದ್ದು ಆ ಬೀದಿಯಲ್ಲಿ ಕೇಳದವರಿರಲಿಲ್ಲ.

ಆಗ ನನಗೆ ಗೊತ್ತಾಯಿತು. ಅವರಿಗೆ ಆ ಮಾತು ಮೊದಲೇ ತಿಳಿದಿತ್ತು. ಒಂದು ತೊಟ್ಟನ್ನು ತಮ್ಮ ನಾಲಿಗೆಗೆ ಹಾಕಿಕೊಂಡರೆ ನನ್ನ ಗಂಡ ಇಂಥವನು ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಅದನ್ನು ಹೇಳದೆ ಇರುವುದಕ್ಕಾಗಿಯೇ ದಿನಾ ನನ್ನ ನಾಲಿಗೆ ಬೇಕಾಗಿತ್ತು. ಮನೆಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, “ಹಂಗೂ ಬರ್ದಿಟ್ಟವ್ರಾ?” ಅಂದಳು.

ಹಬ್ಬಕ್ಕೆ ಕೆಲವೇ ದಿನ ಇದ್ದಾಗ ಸಾಬರು ಶೆಡ್ಡಿನ ಯಜಮಾನರನ್ನೂ ಜೊತೆ ಕೆಲಸದವರನ್ನೂ ರೋಜಾ ಬಿಡಿಸಲು ಮನೆಗೆ ಕರೆದರು. ಮುಖ್ಯ ಬಡಗಿಯ ಜಾಗ ಖಾಲಿಯಾಗಿತ್ತು, ಅದರ ಮೇಲೆ ಅವರಿಗೆ ಕಣ್ಣಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗಲೇ ಬಾಗಿಲಲ್ಲಿ ನಿಂತು, “ಇವತ್ತು ನನ್ನ ಮಾನ ನಿನ್ನ ಕೈಯಲ್ಲಿದೆ. ಕೆಟ್ರೆ ಬಟ್ಟೆ ಗಂಟು ಕಟ್ಕೊಂಡಿರು” ಅಂದದ್ದು ನಮ್ಮ ಹಿತ್ತಲಿಗೂ ಕೇಳಿಸಿತು. ಅಕ್ಕಪಕ್ಕದ ಹೆಂಗಸರು ಸಹಾಯಕ್ಕೆ ಬಂದರು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಯಾರಿಂದಲೋ ಎರವಲು ತಂದ ದೊಡ್ಡ ದೇಗ್ಚಿ ಇಟ್ಟರು. ಅಷ್ಟು ದೊಡ್ಡ ಪಾತ್ರೆಯಲ್ಲಿ ಜುಲೇಖಾಬಿ ಎಂದೂ ಬೇಯಿಸಿರಲಿಲ್ಲ. ಉಪ್ಪನ್ನು ಬೊಗಸೆಯಲ್ಲಿ ತೆಗೆದುಕೊಂಡು ಸ್ವಲ್ಪ ಹಾಕುವುದು, ನಿಲ್ಲಿಸುವುದು, ಉಳಿದದ್ದನ್ನು ಮತ್ತೆ ಡಬ್ಬಿಗೆ ಸುರಿಯುವುದು. ಕಲ್ಲಿನ ಮೇಲಿಂದ ನಾನು ಎಲ್ಲವನ್ನೂ ನೋಡುತ್ತಿದ್ದೆ, ಬಾಯಿ ಮುಚ್ಚಿಕೊಂಡು. ಅವತ್ತು ಮಧ್ಯಾಹ್ನ ಅಜ್ಜಿ ಎಲೆಯಡಿಕೆ ಮಡಿಸಿಕೊಟ್ಟಿದ್ದಳು. ಅವಳ ಕಣ್ಣು ಮಂಜು, ಸುಣ್ಣ ಹೆಚ್ಚಾಗಿತ್ತು. ನನ್ನ ನಾಲಿಗೆ ಬೆಂದು ಬೊಬ್ಬೆ ಬಂದಿತ್ತು.

“ಜಯಾ, ನಾಲಿಗೆ ಚಾಚು.” ಚಾಚಿದೆ. ಬಿದ್ದದ್ದು ಬಿಸಿಯೋ ತಣ್ಣಗೋ ಅದೂ ತಿಳಿಯಲಿಲ್ಲ. “ಹೇಳು ಮಾ.” ಹೇಳುವುದೇನನ್ನು? ಅವರು ಬಗ್ಗಿ ನೋಡಿದರು, ಬೆಳ್ಳಗೆ ಸುಟ್ಟ ನಾಲಿಗೆ ಕಂಡಿತು. ಬಾಗಿಲಾಚೆ ಗಂಡಸರು ಬಂದು ಚಪ್ಪಲಿ ಬಿಡುವ ಸದ್ದು, ಕೆಮ್ಮು, ಸಲಾಮು. ಬಿಸಿಲು ಗೋಡೆಯ ತಲೆಯಿಂದ ಇಳಿದಾಗಿತ್ತು. ಶಮೀಮ್ ಅಳುವ ಮುಖ ಮಾಡಿ ಅಮ್ಮನ ಸೆರಗು ಹಿಡಿದಿದ್ದಳು. ಇನ್ನೊಂದು ಮಗುವನ್ನು ಹುಡುಕಿ ತರುವ ಹೊತ್ತಲ್ಲ ಅದು.

ನನ್ನ ಹಿಂದೆ ಏದುಸಿರು ಕೇಳಿತು. ಅಜ್ಜಿ ನನ್ನನ್ನು ಇಳಿಸಿ ತಾನೇ ಕಲ್ಲು ಹತ್ತಿದ್ದಳು. ನಾನು ಗೋಡೆಯಲ್ಲಿ ಮಣ್ಣು ಉದುರಿದ ಕಿಂಡಿಗೆ ಕಣ್ಣಿಟ್ಟೆ. “ಕೊಡು ಇತ್ತ. ನಾನು ನೋಡ್ತೀನಿ” ಎಂದು ಅಜ್ಜಿ ಗೋಡೆಯ ಮೇಲಿಂದ ಕೈ ಚಾಚಿದಳು. ಆ ಮನೆಯ ನೀರು ಮುಟ್ಟದವಳು. ಅಂಗಳದ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು. ಅಷ್ಟರಲ್ಲಿ ಒಳಬಾಗಿಲ ಪರದೆ ಸರಿಸಿ ಸಾಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಬೀಡಿಯಿಲ್ಲದೆ ಒಂದನ್ನೊಂದು ಉಜ್ಜುತ್ತಿದ್ದ ಬೆರಳುಗಳು. “ಏನ್ ನಡೀತಿದೆ ಇಲ್ಲಿ? ಕೂಗೋ ಹೊತ್ತಾಯ್ತು. ಉಪ್ಪು ನೋಡ್ಸಿದ್ಯಾ ಇಲ್ವಾ?”

ಜುಲೇಖಾಬಿ ಅಜ್ಜಿಯ ಚಾಚಿದ ಕೈಯನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು. “ಬೇಡ ಅಜ್ಜಿ, ನೀವ್ಯಾಕೆ” ಎಂದು ಸೌಟಿನಿಂದ ಒಂದು ತೊಟ್ಟನ್ನು ತಮ್ಮ ಬೆರಳ ಮೇಲೆ ಬಿಟ್ಟುಕೊಂಡು, ಗಂಡನ ಮುಖದ ಮೇಲಿಂದ ಕಣ್ಣು ತೆಗೆಯದೆ, ನಾಲಿಗೆಯ ತುದಿಗೆ ಇಟ್ಟುಕೊಂಡರು. ಮೋರಿಗೆ ಉಗಿದರು. “ಕಮ್ಮಿ ಇದೆ” ಎಂದರು. ಉಪ್ಪು ಹಾಕಿ ತಿರುವಿ, ಮತ್ತೆ ನಾಲಿಗೆಗೆ ಇಟ್ಟುಕೊಂಡು ಮತ್ತೆ ಉಗಿದರು. ಅಲ್ಲಿದ್ದ ಹೆಂಗಸರೆಲ್ಲ ಆ ಶುಕ್ರವಾರ ಚಾಪೆಯ ಮೇಲೆ ಕೂತವರೇ. ಅವರ ಮನೆಗಳಲ್ಲಿ ಗಂಡಸರಿಗೂ ಉಸ್ತಾನಿಯ ಆ ಮಾತು ಮುಟ್ಟಿತ್ತು, ಸಾಬರಿಗೂ ಮುಟ್ಟಿತ್ತು. ಅದು ಅವರ ಮುಖದಲ್ಲಿ ಕಂಡಿತು: ಮೊದಲು ಕೆಂಪಾಯಿತು, ಆಮೇಲೆ ಯಾರೋ ಒಳಗಿನಿಂದ ದೀಪ ತೆಗೆದ ಹಾಗೆ ಆಯಿತು. ಕೈ ಎತ್ತುತ್ತಾರೆ ಅಂದುಕೊಂಡು ನಾನು ಕಿಂಡಿಯಿಂದ ಮುಖ ತೆಗೆದೆ. ಏನೂ ಆಗಲಿಲ್ಲ. ಮತ್ತೆ ನೋಡಿದಾಗ ಸಾಬರು ಬಟ್ಟೆ ಹಿಡಿದು ದೇಗ್ಚಿಯ ಒಂದು ಕಿವಿ ಎತ್ತುತ್ತಿದ್ದರು. “ಇನ್ನೊಂದ್ ಕಡೆ ಹಿಡ್ಕೊಳ್ಳಿ ಯಾರಾದ್ರೂ” ಅಂದ ದನಿ ಅವರದ್ದೋ ಬೇರೆಯವರದ್ದೋ ಅನ್ನುವ ಹಾಗಿತ್ತು.

ಚನ್ನಪಟ್ಟಣದ ಬಸ್ಸು ಬರಲಿಲ್ಲ. ಸಾಬರೇನು ದೇವರಾಗಲಿಲ್ಲ, ಬೈಗುಳ ಗೋಡೆ ದಾಟಿ ಬರುವುದು ನಿಲ್ಲಲಿಲ್ಲ. ಆದರೆ ತಟ್ಟೆ ಮತ್ತೆ ಮೋರಿಗೆ ಬೀಳಲಿಲ್ಲ. ನಮ್ಮ ಮನೆಯಲ್ಲಿ ಬೀಳುತ್ತಲೇ ಇತ್ತು. ಅವತ್ತು ಒಲೆ ಮುಂದೆ ಕೂತು ಅಜ್ಜಿ, “ಅವರ ಪುಸ್ತಕ ಬರ್ದೋನು ಯಾರೋ ಅಡಿಗೆಮನೆ ಕಡೆ ಒಂದ್ಸಲ ಆದ್ರೂ ಬಗ್ಗಿ ನೋಡವ್ನೆ” ಅಂದಳು. ತಾತನಿಗೆ ಕೇಳಿಸುವ ಹಾಗೇ ಅಂದಳು. ತಾತ ಕೆಮ್ಮಿದರು. ಅಷ್ಟೇ.

ಮಾರನೆಯ ದಿನದಿಂದ ಜುಲೇಖಾಬಿ ತಾವೇ ಉಪ್ಪು ನೋಡಿದರು, ಅಂಗಳದಲ್ಲಿ, ಎಲ್ಲರ ಎದುರು. ನನ್ನನ್ನು ಯಾರೂ ಕರೆಯಲಿಲ್ಲ. ಸಂಜೆಯಾದರೆ ಕಲ್ಲಿನ ಮೇಲೆ ನಿಂತು ಕಾಯುತ್ತಿದ್ದೆ. ಒಂದು ಬಟ್ಟಲು ಗಂಜಿ ಗೋಡೆಯ ಮೇಲೆ ಬರುತ್ತಿತ್ತು, ಆದರೆ ಅದು ಬೇರೆ. ನನಗೆ ಬೇಕಾಗಿದ್ದದ್ದು ಆ ಒಂದು ತೊಟ್ಟು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಜ್ಜಿ, ತಾತ ಇಬ್ಬರೂ ಇರಲಿಲ್ಲ. ಚಿಕ್ಕಪ್ಪಂದಿರು ಜಾಗ ಮಾರಿದ್ದರು, ಸಾಲುಮನೆಗಳನ್ನು ಖಾಲಿ ಮಾಡಿಸುತ್ತಿದ್ದರು. ನಾನು ಮದುವೆಯಾಗಿ ಸುಬ್ರಹ್ಮಣ್ಯಪುರದಲ್ಲಿದ್ದೆ. ನನ್ನ ಮನೆಯಲ್ಲಿ ಯಾವ ತಟ್ಟೆ ಎಲ್ಲಿ ಬೀಳುತ್ತಿತ್ತು ಅನ್ನುವುದು ಇಲ್ಲಿ ಬೇಡ. ಕೊನೆಯ ಸಲ ಹಿತ್ತಲು ನೋಡಿ ಬರೋಣ ಎಂದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದೆ. ಸಂಜೆ, ರಂಜಾನಿನ ತಿಂಗಳು. ಗೋಡೆ ಅರ್ಧ ಕೆಡವಿತ್ತು, ಕಲ್ಲು ಹತ್ತಬೇಕಾಗಿರಲಿಲ್ಲ. ಆಚೆ ಜುಲೇಖಾಬಿ ಒಬ್ಬರೇ ಸಣ್ಣ ಪಾತ್ರೆಯಲ್ಲಿ ಗಂಜಿ ಕುದಿಸುತ್ತಿದ್ದರು. ಶಮೀಮ್ ಮದುವೆಯಾಗಿ ಹೋಗಿದ್ದಳು. ಸಾಬರು ಹಿಂದಿನ ವರ್ಷ ತೀರಿಕೊಂಡಿದ್ದರು. ಜುಲೇಖಾಬಿ ಉಪ್ಪು ಹಾಕಿದರು, ತಿರುವಿದರು, ಮುಚ್ಚಳ ಮುಚ್ಚಿದರು.

“ಉಪ್ಪು ನೋಡ್ಲಿಲ್ವಾ?” ಅಂದೆ.

“ಈಗ ನೋಡೋ ಹಂಗಿಲ್ಲ ಮಾ” ಎಂದರು. “ನೋಡೋಕೆ ಕಾರಣ ಇದ್ದೋರು ಹೋದ್ರಲ್ಲ.”

ಆಮೇಲೆ ಮುಚ್ಚಳ ತೆಗೆದು, ಸೌಟು ಅದ್ದಿ, ನನ್ನ ಕಡೆ ತಿರುಗಿದರು. “ಬಂದಿದ್ದೀಯಲ್ಲ. ನಾಲಿಗೆ ಚಾಚು.” ಕಂಕುಳಲ್ಲಿ ಮಗು ಇದ್ದ ಹಾಗೇ ಚಾಚಿದೆ. ಮೊದಲಿನ ಹಾಗೆಯೇ ಅವರು ನನ್ನ ಮುಖ ನೋಡುತ್ತ ನಿಂತರು. ಉಪ್ಪು ಹೆಚ್ಚಾಗಿತ್ತು, ಬಹಳ ಹೆಚ್ಚಾಗಿತ್ತು. ನುಂಗಿದೆ.

“ಸರಿಯಾಗಿದೆ” ಅಂದೆ.