ಕಡಲೆ ನಮೂನೆಯ ಕಾಲುಚೀಲ

ಬಸವಕಲ್ಯಾಣ ಮತ್ತು ಹುಮನಾಬಾದ್, ಈ ಎರಡು ತಾಲ್ಲೂಕುಗಳಲ್ಲಿ ಕ್ರೋಶಾ ಕಡ್ಡಿ ಹಿಡಿದವರ ಪೈಕಿ ನನ್ನಷ್ಟು ಚೊಕ್ಕ ಕೈ ಇನ್ನೊಬ್ಬರದಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ಇಪ್ಪತ್ತೈದು ವರ್ಷಗಳಿಂದ ನಾನು ಹೆಣೆದ ಬಾಗಿಲ ತೋರಣ, ಟೀವಿಯ ಮೇಲಿನ ರುಮಾಲು, ತಾಟಿನ ಮುಚ್ಚಿಗೆ ಎಷ್ಟು ಮನೆಗಳಲ್ಲಿವೆಯೋ ನನಗೇ ಲೆಕ್ಕವಿಲ್ಲ. ಅವು ನನ್ನವು ಅಂತ ಎಲ್ಲೂ ಹೇಳುವ ಹಾಗೂ ಇಲ್ಲ. ಅವೆಲ್ಲ ಬೇರೆ ಹುಡುಗಿಯರು ಮಾಡಿದ್ದು ಅಂತ ಊರ ಮುಂದೆ ಹೇಳಿ ಆಗಿದೆ.

ನಮ್ಮ ಕಡೆ ಮದುವೆಯಲ್ಲಿ ರುಖವತ ಇಡುತ್ತಾರೆ. ಮದುಮಗಳು ಕೈಯಾರೆ ಮಾಡಿದ ಸಾಮಾನನ್ನೆಲ್ಲ ಮಂಟಪದ ಪಕ್ಕದ ಮೇಜಿನ ಮೇಲೆ ಹರಡಿ ಗಂಡಿನ ಕಡೆಯ ಹೆಂಗಸರಿಗೆ ತೋರಿಸುವ ಪದ್ಧತಿ ಅದು. ಹಿಂದೆ ಹುಡುಗಿಯರು ನಿಜವಾಗಿಯೂ ಮಾಡುತ್ತಿದ್ದರು. ಈಗಿನವರಿಗೆ ಕಾಲೇಜು ಇರುತ್ತದೆ, ಹೊಲ ಇರುತ್ತದೆ, ಪುರಸೊತ್ತು ಎಲ್ಲಿಂದ ಬರಬೇಕು? ಹಾಗಾಗಿ ಅವರ ತಾಯಂದಿರು ಬಸವಕಲ್ಯಾಣದ ನನ್ನ ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, "ಅಕ್ಕೋರ, ರುಖವತ ಮಾಡಿಕೊಡ್ರಿ, ಯಾರ ಮುಂದೂ ಹೇಳಬ್ಯಾಡ್ರಿ" ಅನ್ನುತ್ತಾರೆ. ನಾನು ಹೇಳುವುದಿಲ್ಲ. ಬೀಗಿತ್ತಿಯರು ಮೂಗಿನ ಮೇಲೆ ಬೆರಳಿಟ್ಟು ಸೊಸೆಯನ್ನು ಹೊಗಳುತ್ತಿದ್ದರೆ, ನಾನು ಪಂಕ್ತಿಯಲ್ಲಿ ಕುಳಿತು ಭಜಿ ತಿನ್ನುತ್ತಿರುತ್ತೇನೆ. ಮದುವೆ ಮುಗಿದ ಮೇಲೆ ಯಾವ ಗಂಡನೂ ಹೆಂಡತಿಯನ್ನು, ಇನ್ನೊಂದು ತೋರಣ ಹೆಣೆದು ತೋರಿಸು ಅಂತ ಕೇಳಿದ್ದಿಲ್ಲ.

ಒಬ್ಬ ಕೇಳಿದ. ಅವನು ಫೌಜಿನವನು.

ಹುಡುಗಿ ಹುಡಗಿ ಅನ್ನುವ ಊರಿನವಳು. ತವರಲ್ಲಿ ಸ್ವಲ್ಪ ಹೊಲ, ಒಂದಿಷ್ಟು ಕುರಿ. ಘಾಟಬೋರಾಳದ ಹುಡುಗನಿಗೆ ಕೊಟ್ಟರು. ಅವಳ ರುಖವತವೂ ನನ್ನದೇ. ಅದರಲ್ಲಿ ಎಲ್ಲರ ಕಣ್ಣು ಬಿದ್ದದ್ದು ಕಡಲೆ ನಮೂನೆಯ ಮುಚ್ಚಿಗೆಯ ಮೇಲೆ. ಕಡಲೆಕಾಳು ಅಂಟಿಸಿದ ಹಾಗೆ ಉಬ್ಬುಬ್ಬಾಗಿ ಸಾಲುಸಾಲು ಗಂಟು ಬರುವ ಆ ಕೆಲಸ ನಮ್ಮ ಕಡೆ ಇನ್ನೊಬ್ಬರಿಗೆ ಬರುವುದಿಲ್ಲ. ಮದುವೆಯಾಗಿ ಹದಿನೆಂಟು ದಿನಕ್ಕೆ ಹುಡುಗ ಡ್ಯೂಟಿಗೆ ಹೊರಟ. ಹಿಮ ಬೀಳುವ ಕಡೆ, ಎಲ್ಲಿ ಅಂತ ಹೇಳುವಂತಿಲ್ಲ. ಹೊರಡುವಾಗ ಹೆಂಡತಿಗೆ ಹೇಳಿದನಂತೆ: "ನಿನ್ನ ಕೈಯಾಗ ಇಷ್ಟು ಕಳಾ ಅದ. ನನಗ ಒಂದ್ ಜೋಡಿ ಉಣ್ಣಿ ಮೋಜಾ ಹೆಣೆದು ಕಳಸು. ಅಲ್ಲಿ ಕಾಲು ಭಾಳ ಥಂಡಿ ಆಗ್ತಾವ."

ಮೋಜಾ ಅಂದರೆ ಕಾಲುಚೀಲ. ಅವಳು ಹೂಂ ಅಂದುಬಿಟ್ಟಳು. ಕ್ರೋಶಾ ಕಡ್ಡಿಯನ್ನು ಯಾವ ತುದಿಯಿಂದ ಹಿಡಿಯಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ.

ತವರಿಗೆ ಹೋಗುತ್ತೇನೆಂದು ಅತ್ತೆಗೆ ಹೇಳಿ, ಹುಮನಾಬಾದ್ ಬಜಾರಿನಲ್ಲಿ ಉಣ್ಣೆ ದಾರ ಕೊಂಡು, ಬಸ್ಸು ಹತ್ತಿ ಸೀದಾ ನನ್ನ ಮನೆಗೆ ಬಂದಳು. ಅಳುತ್ತಿದ್ದಳು. ನನಗೆ ನಗು ಬಂತು.

"ಇಷ್ಟಕ್ಕ ಅಳ್ತಾರೇನ ಹುಚ್ಚಿ? ಎಂಟ್ ದಿನ ಬಿಟ್ಟು ಬಾ, ಒಯ್ಯುವಿಯಂತ."

ಕಾಲುಚೀಲವನ್ನು ನಾನು ಅದುವರೆಗೆ ಮಾಡಿರಲಿಲ್ಲ. ಅದೇನು ಮಹಾ. ಅವನ ಹಳೆಯ ಚಪ್ಪಲಿಯ ಅಳತೆ ತರಿಸಿಕೊಂಡೆ, ಬಿಚ್ಚಿ ಕಟ್ಟಿ ಎರಡು ದಿನದಲ್ಲಿ ಹಿಮ್ಮಡಿಯ ತಿರುವು ಕಂಡುಕೊಂಡೆ. ಮೇಲಿಂದ ಕೆಳಗಿನವರೆಗೆ ಕಡಲೆ ನಮೂನೆ ಹಾಕಿದೆ. ಅಂಗಾಲಿಗೂ ಹಾಕುತ್ತಿರುವುದನ್ನು ನೋಡಿ ನಮ್ಮ ಯಜಮಾನರು, "ಬುಡಕ್ಯಾಕ ನಮೂನಿ? ಯಾರು ನೋಡ್ತಾರ?" ಅಂದರು.

"ನಾ ನೋಡ್ತೀನಿ" ಅಂದೆ. ಅರ್ಧ ಕೆಲಸ ಮಾಡಿ ಕೊಡುವ ಪೈಕಿ ನಾನಲ್ಲ.

ಪಾರ್ಸಲ್ ಮುಟ್ಟಿದ ಮೇಲೆ ಅವನ ಫೋನು ಬಂತು. ಭಾಳ ಚಂದ ಅವ, ಜೊತೆಗಿದ್ದವರೆಲ್ಲ ನೋಡಿ ದಂಗಾದರು ಅಂದನಂತೆ. ಹುಡುಗಿ ಅದನ್ನು ಹೇಳಲಿಕ್ಕೆಂದೇ ಬಂದಳು. ನಾನು ಅವಳಿಗೆ ಚಹಾ ಮಾಡಿಕೊಟ್ಟು, ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಆಮೇಲೆ ಅವನು ಬೇಕು ಅನ್ನಲಿಲ್ಲ, ನಾವೇ ಕಳಿಸಿದೆವು. ಎರಡನೆಯದು, ಮೂರನೆಯದು, ನಾಲ್ಕನೆಯ ಜೋಡಿ. ಪ್ರತಿ ಜೋಡಿಗೂ ಕಡಲೆ ಇನ್ನಷ್ಟು ಗಟ್ಟಿಯಾಗಿ, ದುಂಡಗೆ ಬರತೊಡಗಿತ್ತು. ದೇಶ ಕಾಯುವವನ ಕಾಲಿಗೆ ನನ್ನ ಕೈಕೆಲಸ ಅಂತ ಒಳಗೊಳಗೇ ಬೀಗುತ್ತಿದ್ದೆ. ಹೇಳಿಕೊಳ್ಳುವಂತಿಲ್ಲವಲ್ಲ ಅನ್ನುವ ಹೊಟ್ಟೆಯುರಿಯೂ ಸ್ವಲ್ಪ ಇತ್ತು.

ಐದನೆಯದು ಅರ್ಧಕ್ಕೆ ಬಂದಿದ್ದಾಗ ಹುಡುಗಿ ಮುಖ ಬಿಳಿಚಿಕೊಂಡು ಬಂದು ನಿಂತಳು. ಅವನಿಗೆ ರಜೆ ಸಿಕ್ಕಿತ್ತು. ಮುಂದಿನ ತಿಂಗಳು ಬಂದು, ಒಂದು ತಿಂಗಳು ಇರುವವನಿದ್ದ. "ಈ ಸಲ ನನ್ನ ಮುಂದ ಕುಂತು ಹೆಣಿ, ನಾ ನೋಡಬೇಕು" ಅಂದಿದ್ದ.

"ಹೆಣಕೋತ ಕುಂತಂಗ ಮಾಡು. ಗಂಡಸರಿಗೇನು ತಿಳೀತದ" ಅಂದೆ.

ಅವಳು ನಗಲಿಲ್ಲ. "ಹದಿನೆಂಟು ದಿನ ಕಂಡಾರ್ರಿ ನನ್ನ. ನನ್ನ ಬಗ್ಗಿ ಅವರಿಗಿ ಗೊತ್ತಿರೋದು ಅದೊಂದ, ಈಕಿ ಕೈಯಾಗ ಕಳಾ ಅದ ಅಂತ. ಅದೂ ಸುಳ್ಳು ಅಂದ್ರ ಇನ್ನ್ಯಾವುದನ್ನ ಖರೇ ಅಂತ ನಂಬತಾರ?"

ಕಡ್ಡಿ ಅವಳ ಕೈಗೆ ಕೊಟ್ಟು, ಕುಂದ್ರು ಅಂದೆ.

ಮೂರು ವಾರ ಕಲಿಸಿದೆ. ಎರಡು ದಿನಕ್ಕೊಮ್ಮೆ ಏನಾದರೂ ನೆಪ ಹೇಳಿ ಬರುತ್ತಿದ್ದಳು. ಹೊಲದಲ್ಲಿ ಜೋಳದ ಸಿವುಡು ಕಟ್ಟಿ ರೂಢಿಯಾದ ಕೈ ಅವಳದು. ದಾರವನ್ನೂ ಹಾಗೆಯೇ ಬಿಗಿದು ಎಳೆಯುವಳು, ಮುಂದಿನ ಸುತ್ತಿಗೆ ಕಡ್ಡಿ ತೂರಲಿಕ್ಕೆ ಜಾಗವೇ ಇರುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ದಾರ ಏನ್ ಓಡಿ ಹೋಗ್ತದೇನ? ಸಡಿಲ ಬಿಡು" ಅಂತ ಒಂದೆರಡು ಸಲ ಬೆರಳ ಮೇಲೆ ಹೊಡೆದೂ ಬಿಟ್ಟೆ. ಮೂರು ವಾರಕ್ಕೆ ಒಂದು ಗೇಣು ಪಟ್ಟಿ ಆಯಿತು. ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತಿತ್ತು, ಅಷ್ಟು ಗಟ್ಟಿ.

ಒಂದು ಭಾನುವಾರ ಬಂದವಳೇ ಪಟ್ಟಿಯನ್ನೂ ಕಡ್ಡಿಯನ್ನೂ ನನ್ನ ಮುಂದಿಟ್ಟಳು. "ಇವತ್ತು ಅವರು ಫೋನ್ ಮಾಡ್ತಾರ. ಹೇಳಿಬಿಡ್ತೀನ್ರಿ."

"ತಲಿಗಿಲಿ ಕೆಟ್ಟದೇನು? ಕೈ ಸುಟ್ಟದ ಅನ್ನು. ಕೈಗಿ ಬಟ್ಟಿ ಕಟ್ಕೋ. ಒಂದ್ ತಿಂಗಳು ಹ್ಯಾಂಗರ ಕಳೀತದ."

"ಅಕ್ಕೋರ, ನಿಮ್ಮ ಮಾತು ಕೇಳೇ ಇಲ್ಲಿ ತನಕ ಬಂದೀನ್ರಿ."

ಆ ಮಾತು ನೆಟ್ಟಗೆ ನಾಟಿತು. ಪಟ್ಟಿಯನ್ನೂ ಕಡ್ಡಿಯನ್ನೂ ಎತ್ತಿಟ್ಟೆ.

ಫೋನು ಬಂದಾಗ ಅವಳು ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು. ಊಟ ಆಯಿತೇ ಅಂತ ಅವನು ಕೇಳಿದ. ಅವಳು ಊಟದ ಮಾತೇ ಆಡಲಿಲ್ಲ. ರುಖವತದಿಂದ ಹಿಡಿದು ನಾಲ್ಕನೆಯ ಜೋಡಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಫೋನು ಕಟ್ಟಾಯಿತೇನೋ ಅಂತ ಬಗ್ಗಿ ನೋಡಿದೆ, ಇಲ್ಲ, ನಡೆಯುತ್ತಿತ್ತು. ಒಂದು ಸಂಸಾರ ಹಾಳು ಮಾಡಿದ ಪಾಪ ನನ್ನ ತಲೆಗೆ ಬಂತಲ್ಲ ಅಂದುಕೊಂಡೆ.

"ಅಂದ್ರ ಆ ಮೋಜಾ ನೀ ಮಾಡಿದ್ದಲ್ಲ?" ಅಂದ ಕೊನೆಗೆ.

"ಅಲ್ಲರಿ."

"ನಾಕೂ ಜೋಡಿ?"

"ಒಂದೂ ನಂದಲ್ಲರಿ."

ಅವನು ಜೋರಾಗಿ ಉಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು. "ಹಂಗಾರ ಬಿಚ್ಚಲೇನು?"

ನಮಗಿಬ್ಬರಿಗೂ ತಿಳಿಯಲಿಲ್ಲ. ಏನು ಬಿಚ್ಚತೀರಿ ಅಂತ ಅವಳು ಕೇಳಿದಳು.

"ಇವನ್ನೇ, ಮೋಜಾನ. ಬುಡಕ ಗಂಟು ಗಂಟು ಅವ ನೋಡು. ಬೂಟಿನಾಗ ಹಾಕ್ಕೊಂಡು ನಡದ್ರ ಕಲ್ಲಿನ ಮ್ಯಾಲ ನಡದಂಗ ಆಗ್ತದ. ಅಂಗಾಲು ತುಂಬ ಬೊಬ್ಬಿ ಎದ್ದಾವ. ಸರ್ಕಾರದ ಮೋಜಾ ಚಲೋನ ಅವ. ಡಾಕ್ಟರ್ ಸಾಹೇಬ್ರು ಇವನ್ನ ಕಸದಾಗ ಒಗಿ ಅಂದ್ರು. ಹ್ಯಾಂಗ ಒಗೀಲಿ? ನೀ ದಿನಾ ಕುಂತು ಕಣ್ಣು ಕೆಡಿಸ್ಕೊಂಡು ಮಾಡಾಕತ್ತೀದಿ ಅಂತ ತಿಳಕೊಂಡಿದ್ದೆ. ರಜಾಕ ಬಂದಾಗ ನೀ ಮಾಡೂದು ನೋಡಕೋತ, ಬುಡದ ಗಂಟು ಬ್ಯಾಡ ಅಂತ ಹಗೂರ್ಕ ಹೇಳ್ಬೇಕು ಅಂತಿದ್ದೆ."

ನಾನು ಕುಳಿತಲ್ಲೇ ಕುಗ್ಗಿಹೋದೆ. ಇಪ್ಪತ್ತೈದು ವರ್ಷ ಹೆಣೆದದ್ದೆಲ್ಲ ಗೋಡೆಗೆ, ಬಾಗಿಲಿಗೆ, ತಾಟಿಗೆ. ನನ್ನ ಕೈಕೆಲಸವನ್ನು ಮೈಮೇಲೆ ಹಾಕಿಕೊಂಡ ಮೊದಲನೆಯ ಮನುಷ್ಯ ಅವನು. ನೋಡುವವರ ಕಣ್ಣು ನನಗೆ ಗೊತ್ತಿತ್ತು, ತೊಡುವವನ ಕಾಲು ಗೊತ್ತಿರಲಿಲ್ಲ. ಫೋನಿನ ಹತ್ತಿರ ಬಾಗಿ, "ತಮ್ಮಾ, ತಪ್ಪು ನಂದಪ್ಪಾ. ನಾ ಮಾಡ್ದಾಕಿ" ಅಂದೆ. ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸಿತು.

"ನಮೂನಿ ಭಾಳ ಚಂದ ಅದರೀ ಅಕ್ಕೋರ" ಅಂದ ಪುಣ್ಯಾತ್ಮ. ಮರ್ಯಾದಸ್ಥ ಹುಡುಗ.

ಅಷ್ಟರಲ್ಲಿ ಹುಡುಗಿ ಫೋನನ್ನು ನೆಲದಿಂದ ಎತ್ತಿಕೊಂಡಳು. ಕಣ್ಣಲ್ಲಿ ನೀರು ಧಾರಾಕಾರ, ದನಿ ಮಾತ್ರ ಏರುತ್ತ ಹೋಯಿತು. "ಮತ್ತ ಚಂದ ಅವ, ಚಂದ ಅವ ಅಂತ ನಾಕ್ ಸಲ ಯಾಕ ಹೇಳಿದ್ರಿ? ಬೊಬ್ಬಿ ಎದ್ರ ಹೇಳಬಾರದೇನು? ನಾ ಏನು ಪರಕೀನೇನು ನಿಮಗ? ನಾ ಒಬ್ಬಾಕೀನ ಸುಳ್ಳು ಹೇಳೀನಿ ಅಂತ ಇಷ್ಟ್ ದಿನ ಅನ್ನ ಸೇರಲಿಲ್ಲ ನನಗ. ಮೊದಲ ಅವನ್ನ ಬಿಚ್ಚರಿ. ಈಗ ಬಿಚ್ಚರಿ, ನಾ ಕೇಳಾಕತ್ತೇನಿ. ಬಿಚ್ಚಿದ್ರೇನು?"

"ಬಿಚ್ಚಿದ್ನವಾ, ಬಿಚ್ಚಿದ್ನಿ" ಅನ್ನುತ್ತಿದ್ದ ಅವನು. ನಗುತ್ತಿದ್ದ.

"ನಗಬ್ಯಾಡ್ರಿ. ಎಣ್ಣಿ ಹಚ್ಚರಿ."

ನಾನು ಎದ್ದು ಒಳಗೆ ಹೋದೆ. ಮದುವೆಯ ದಿನದಿಂದ ನಾನು ಆ ಹುಡುಗಿಯನ್ನು ಬಲ್ಲೆ. ಅವಳು ನನ್ನ ಮನೆಯಲ್ಲಿದ್ದಾಗ ಗಂಡನ ಫೋನು ಎಷ್ಟೋ ಸಲ ಬಂದಿತ್ತು. ಅಲ್ಲಿಯ ತನಕ ಅವಳು ಅವನ ಹತ್ತಿರ ಹೂಂರಿ, ಹೌದ್ರಿ ಬಿಟ್ಟು ಇನ್ನೊಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.